ಇಬ್ಬರಿಗೂ ಕೆಲಸ, ಇಬ್ಬರಿಗೂ ವೀಸಾ: ಥೈಲ್ಯಾಂಡ್‌ಗೆ ಇಂಗ್ಲಿಷ್ ಕಲಿಸಲು ಹೊರಡುವ ನಮ್ಮ ಕಡೆಯ ಗಂಡ-ಹೆಂಡತಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಗಂಡ-ಹೆಂಡತಿ ಥೈಲ್ಯಾಂಡ್‌ಗೆ ಹೋಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿಕೊಂಡು, ರಜೆ ಸಿಕ್ಕಾಗ ಸುತ್ತಾಡಿಕೊಂಡು ಒಂದೆರಡು ವರ್ಷ ಇರಬೇಕು ಎಂದುಕೊಂಡಾಗ ಮೊದಲು ಬರುವ ಪ್ರಶ್ನೆ ‘ಪಗಾರ ಎಷ್ಟು?’ ಎಂಬುದೇ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಬೇರೆ ಇದೆ: ಇಬ್ಬರಲ್ಲಿ ಯಾರ ವೀಸಾ ಯಾರ ಮೇಲೆ ನಿಂತಿದೆ? ಅಲ್ಲಿ ಮುಂದೆ ಎದುರಾಗುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಒಂದು ಪ್ರಶ್ನೆಗೆ ಬಂದು ಮುಟ್ಟುತ್ತವೆ.

ದಾರಿ ಎರಡು. ಒಬ್ಬರಿಗೆ ಮಾತ್ರ ಕೆಲಸ ಸಿಕ್ಕರೆ ಅವರಿಗೆ ನಾನ್-ಇಮಿಗ್ರೆಂಟ್ ಬಿ ವೀಸಾ. ಇನ್ನೊಬ್ಬರು ಮದುವೆ ಪ್ರಮಾಣಪತ್ರ ತೋರಿಸಿ ಅವಲಂಬಿತರಾಗಿ ನಾನ್-ಇಮಿಗ್ರೆಂಟ್ ಓ ಪಡೆಯಬೇಕು. ಕೇಳಲು ಸಲೀಸು. ಆದರೆ ಅವಲಂಬಿತರು ಕೆಲಸದ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ. ಮನೆಯಲ್ಲಿ ಪಕ್ಕದ ಮನೆ ಹುಡುಗನಿಗೆ ಟ್ಯೂಷನ್ ಹೇಳಿ ದುಡ್ಡು ಪಡೆದರೂ ಅದು ಕೆಲಸವೇ. ದುಡಿಯುವವರ ಕೆಲಸ ಹೋದ ದಿನವೇ ಇಬ್ಬರ ವಾಸ್ತವ್ಯವೂ ಮುಗಿಯುತ್ತದೆ. ಆಮೇಲೆ ಸಿಗುವುದು ತಲಾ 1,900 ಬಾತ್ ಕಟ್ಟಿ ಪಡೆಯುವ 7 ದಿನ. ಅಷ್ಟರಲ್ಲಿ ಮನೆ ಖಾಲಿ ಮಾಡಿ, ಠೇವಣಿ ವಾಪಸ್ ಇಸಕೊಂಡು ಹೊರಡಬೇಕು.

ಎರಡನೆಯ ದಾರಿ, ಇಬ್ಬರಿಗೂ ಬೇರೆ ಬೇರೆ ನಾನ್-ಬಿ. ಒಬ್ಬರ ಕೆಲಸ ಹೋದರೆ ಅವರು ಮತ್ತೊಬ್ಬರ ಮೇಲೆ ಅವಲಂಬಿತರಾಗಲು ಅವಕಾಶ ಉಳಿಯುತ್ತದೆ. ಆದ್ದರಿಂದ ಒಂದೇ ಕೆಲಸ ಸಿಕ್ಕಿದೆ ಎಂದು ಎದ್ದು ಹೊರಡುವುದಕ್ಕಿಂತ ಇನ್ನೊಂದು ಸೆಮಿಸ್ಟರ್ ಕಾಯ್ದು ಇಬ್ಬರೂ ಕೆಲಸ ಹಿಡಿದೇ ಹೋಗುವುದು ಲೇಸು. ಇಬ್ಬರೂ ಒಂದೇ ಶಾಲೆಯಲ್ಲಿ ಇರಬೇಕೆಂಬ ಆಸೆಯನ್ನೂ ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳಿ. ಆ ಶಾಲೆ ಒಪ್ಪಂದ ಮುರಿದರೆ ಎರಡು ಪಗಾರವೂ ಒಂದೇ ದಿನ ನಿಲ್ಲುತ್ತವೆ. ಒಂದೇ ಪ್ರಾಂತ್ಯದ ಎರಡು ಶಾಲೆಗಳಾದರೆ ಇಮಿಗ್ರೇಷನ್ ಕಚೇರಿಯೂ ಒಂದೇ ಆಗುತ್ತದೆ, ಅಪಾಯವೂ ಹಂಚಿಹೋಗುತ್ತದೆ.

ಪ್ರವಾಸಿಯಾಗಿ ಹೋಗಿ ಅಲ್ಲೇ ಬದಲಾಯಿಸಿಕೊಳ್ಳಬಹುದು ಎನ್ನುವ ಏಜೆಂಟರು ಸಿಗುತ್ತಾರೆ. ಪ್ರವಾಸಿಯಾಗಿ ಒಳಗೆ ಹೋದವರು ತರಗತಿಗೆ ಕಾಲಿಟ್ಟರೆ ಅದು ಕಾನೂನುಬಾಹಿರ. ಬದಲಾವಣೆಗೆಂದು ಬಹಳ ಮಂದಿಯನ್ನು ಲಾವೋಸ್‌ನ ವಿಯೆಂಟಿಯೆನ್‌ಗೆ ಓಡಿಸುತ್ತಾರೆ. ಇಬ್ಬರ ಪ್ರಯಾಣ, ವಸತಿ, ವೀಸಾ ಶುಲ್ಕ ಎಲ್ಲ ನಿಮ್ಮ ತಲೆಗೇ ಬರುತ್ತದೆ. ಶಾಲೆಯಿಂದ ಪತ್ರ ತರಿಸಿಕೊಂಡು ಇಲ್ಲಿಂದಲೇ ಅರ್ಜಿ ಹಾಕಿ. 2025ರ ಜನವರಿಯಿಂದ ಥಾಯ್ ವೀಸಾ ಅರ್ಜಿ ಆನ್‌ಲೈನ್ ಆಗಿದೆ.

ಊರಲ್ಲೇ ಮುಗಿಸಬೇಕಾದ ಕಾಗದಗಳು

ಥಾಯ್ ಶಾಲೆಗಳ ಮೊದಲ ಸೆಮಿಸ್ಟರ್ ಮೇ ಮಧ್ಯದಲ್ಲಿ, ಎರಡನೆಯದು ನವೆಂಬರ್ ಮೊದಲಲ್ಲಿ ಶುರುವಾಗುತ್ತದೆ. ಮೇ ತಿಂಗಳಿಗೆ ಸೇರಬೇಕೆಂದರೆ ಹಿಂದಿನ ಅಕ್ಟೋಬರ್‌ನಲ್ಲೇ ಕಾಗದದ ಕೆಲಸಕ್ಕೆ ಕೈಹಾಕಿ. ಸಂದರ್ಶನ ಮುಗಿಯಲು ಒಂದು ವಾರ ಸಾಕು. ತಿಂಗಳುಗಟ್ಟಲೆ ತಿನ್ನುವುದು ಕಾಗದ.

ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸವರಾಜ ಎಚ್.’ ಎಂದಿರುತ್ತದೆ, ಪದವಿಯಲ್ಲಿ ‘ಎಚ್. ಬಸವರಾಜ’, ಆಧಾರ್‌ನಲ್ಲಿ ‘ಬಸವರಾಜ ಹನುಮಂತಪ್ಪ’, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಇಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಪ್ರತಿ ಅರ್ಜಿಯಲ್ಲೂ ಹೆಸರು, ಅಡ್ಡಹೆಸರು ಎಂದು ಎರಡು ಚೌಕ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಎರಡೂ ಭಾಗ ತುಂಬಿರಲಿ; ಇನಿಶಿಯಲ್ ಏನೆಂದು ಬಿಡಿಸಿ ಹೇಳುವ ಅಫಿಡವಿಟ್ ಒಂದನ್ನು ನೋಟರಿ ಮುಂದೆ ಮಾಡಿಸಿ ಇಟ್ಟುಕೊಳ್ಳಿ. ಮದುವೆಯಾದ ಮೇಲೆ ಹೆಂಡತಿ ಹೆಸರು ಬದಲಾಯಿಸುವ ವಿಚಾರವಿದ್ದರೆ ಈ ಕೆಲಸಕ್ಕೆ ಮುಂಚೆಯೇ ಬದಲಾಯಿಸಿ, ಇಲ್ಲವೇ ಬಿಟ್ಟೇಬಿಡಿ. ಪದವಿ ಒಂದು ಹೆಸರಲ್ಲಿ, ಪಾಸ್‌ಪೋರ್ಟ್ ಇನ್ನೊಂದರಲ್ಲಿ ಇದ್ದರೆ ಬೋಧನಾ ಪರವಾನಗಿಯ ಕಡತ ಅಲ್ಲೇ ನಿಲ್ಲುತ್ತದೆ.

ಪದವಿ ಎಂದರೆ ಘಟಿಕೋತ್ಸವದ ಪ್ರಮಾಣಪತ್ರ, ಪ್ರಾವಿಜನಲ್ ಅಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕಿಂತ ಹಿಂದೆ ಈ ಭಾಗದ ಕಾಲೇಜುಗಳಲ್ಲಿ ಓದಿದವರ ಪದವಿ ಗುಲ್ಬರ್ಗ ವಿಶ್ವವಿದ್ಯಾಲಯದ್ದು, ಅವರ ಓಡಾಟ ಕಲಬುರಗಿಗೆ. ಹಲವರು ಘಟಿಕೋತ್ಸವದ ಶುಲ್ಕ ಕಟ್ಟದೆ ಪ್ರಾವಿಜನಲ್‌ನಲ್ಲೇ ವರ್ಷಗಟ್ಟಲೆ ಕಾಲ ತಳ್ಳಿರುತ್ತಾರೆ. ಹೋದಾಗ ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಇಂಗ್ಲಿಷ್ ಟ್ರಾನ್‌ಸ್ಕ್ರಿಪ್ಟನ್ನೂ ಕೇಳಿ ತನ್ನಿ. ಥಾಯ್ ಶಿಕ್ಷಕರ ಮಂಡಳಿಯಾದ ಖುರುಸಪಾಕ್ಕೆ ಶಾಲೆಯವರು ಕಡತ ಕಳಿಸುವಾಗ ಅದೂ ಬೇಕಾಗುತ್ತದೆ.

ಇನ್ನೊಂದು, ಲ್ಯಾಮಿನೇಷನ್. ಪ್ರಮಾಣಪತ್ರ ಕೈಗೆ ಬಂದ ದಿನವೇ ಝೆರಾಕ್ಸ್ ಅಂಗಡಿಗೆ ಓಡಿ ಪ್ಲಾಸ್ಟಿಕ್ ಹೊದಿಸುವುದು ನಮ್ಮ ಅಭ್ಯಾಸ. ದೃಢೀಕರಣದ ಮುದ್ರೆ ಬೀಳುವುದು ಮೂಲಪ್ರತಿಯ ಹಿಂಬದಿಗೆ. ಲ್ಯಾಮಿನೇಟ್ ಆಗಿದ್ದರೆ ಬಿಡಿಸಬೇಕು, ಬಿಡಿಸುವಾಗ ಶಾಯಿ ಎದ್ದುಬರುತ್ತದೆ. ಕೆಟ್ಟರೆ ವಿಶ್ವವಿದ್ಯಾಲಯದಿಂದ ನಕಲುಪ್ರತಿ ತರಿಸುವುದೊಂದೇ ಉಪಾಯ.

ದೃಢೀಕರಣಕ್ಕೆ ಮೆಟ್ಟಿಲುಗಳಿವೆ. ಪದವಿ ಪತ್ರ ರಾಜ್ಯದ ಶಿಕ್ಷಣ ಇಲಾಖೆಯ ಕಡೆಯಿಂದ, ಮದುವೆ ಪತ್ರ ರಾಜ್ಯದ ಗೃಹ ಇಲಾಖೆಯ ಕಡೆಯಿಂದ ಸಹಿಯಾಗಿ, ಎರಡೂ ವಿದೇಶಾಂಗ ಸಚಿವಾಲಯಕ್ಕೆ ಹೋಗುತ್ತವೆ. ಸಚಿವಾಲಯದಲ್ಲಿ ಅಪೋಸ್ಟೀಲ್ (ಅದರ ಒಡಂಬಡಿಕೆಗೆ ಸೇರಿದ ದೇಶಗಳು ನೇರವಾಗಿ ಒಪ್ಪುವ ಮುದ್ರೆ) ಬೇರೆ, ಸಾಮಾನ್ಯ ದೃಢೀಕರಣ ಬೇರೆ. ಸಾಮಾನ್ಯ ದೃಢೀಕರಣವಾದರೆ ಅದರ ಮೇಲೆ ಥಾಯ್ ರಾಯಭಾರ ಕಚೇರಿಯ ಮುದ್ರೆಯೂ ಬೀಳಬೇಕು. ಯಾವ ಮುದ್ರೆ ಬೇಕೆಂದು ಶಾಲೆಯಿಂದ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ದುಡ್ಡು ಕಟ್ಟಿ. ತಪ್ಪು ಮುದ್ರೆ ಬಿದ್ದರೆ ಶುಲ್ಕ ಮರಳಿ ಬರುವುದಿಲ್ಲ.

ಮದುವೆ ನೋಂದಣಿಯಾಗಿಲ್ಲದವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿ; ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಇಬ್ಬರೂ ನಾನ್-ಬಿಯಲ್ಲಿ ಹೋಗುವವರಿಗೆ ಇದು ಯಾಕೆ ಎನ್ನಬೇಡಿ. ಒಬ್ಬರ ಕೆಲಸ ಹೋದ ದಿನ ಬೇಕಾಗುವ ಕಾಗದ ಇದೇ, ಮತ್ತು ಅದನ್ನು ಬ್ಯಾಂಕಾಕಿನಲ್ಲಿ ಕೂತು ಸಿಂಧನೂರಿನಿಂದ ತರಿಸುವುದು ತಾಪತ್ರಯ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕ, ತಲಾ 500 ರೂಪಾಯಿ. ಠಾಣೆಯ ಪರಿಶೀಲನೆ ವಿಳಾಸ ನೋಡಿ ನಡೆಯುವುದರಿಂದ ಬೆಂಗಳೂರಿನಲ್ಲಿ ಬಾಡಿಗೆಗಿದ್ದು ಪಾಸ್‌ಪೋರ್ಟಿನ ವಿಳಾಸ ಗಂಗಾವತಿಯದಿದ್ದರೆ ತಡವಾಗಬಹುದು.

ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ಅನುಮತಿ ಬೇಕು ಎನ್ನುವ) ಮುದ್ರೆ ಇದೆಯೇ ನೋಡಿ. ಕೆಲಸಕ್ಕೆ ಹೋಗುವವರಿಗೆ ವಲಸೆ ಅನುಮತಿ ಬೇಕಾದ ದೇಶಗಳ ಪಟ್ಟಿಯಲ್ಲಿ ಥೈಲ್ಯಾಂಡ್ ಕೂಡ ಇದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಮುದ್ರೆ ಬೇಡ, ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಅಂಕಪಟ್ಟಿ ಕೊಡದೆ ಹೋದವರಿಗೆ ಬಿದ್ದಿರುತ್ತದೆ. ವಿಮಾನ ನಿಲ್ದಾಣದಲ್ಲಿ ತಡೆಯುವ ಮುಂಚೆ ತೆಗೆಸಿಕೊಳ್ಳಿ.

ಅರ್ಹತೆ, ಪಗಾರ, ಕೈಗೂಡುವ ಲೆಕ್ಕ

ಇಂಗ್ಲಿಷ್ ಮಾತೃಭಾಷೆಯ ದೇಶಗಳೆಂದು ಅವರು ಎಣಿಸುವ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಐಇಎಲ್‌ಟಿಎಸ್ ಅಥವಾ ಟೋಇಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಆಯುಷ್ಯ. ಒಪ್ಪಂದ ಮುಂದುವರಿಸುವಾಗ ಅವಧಿ ಮುಗಿದಿರದಂತೆ ಪರೀಕ್ಷೆಯ ದಿನ ಆರಿಸಿ. ಪರೀಕ್ಷೆಗೆ ಬಳ್ಳಾರಿಯವರಿಗೆ ಬೆಂಗಳೂರು ಸರಿ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ.

120 ಗಂಟೆಯ ಟೆಫ್ಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಪ್ರಮಾಣಪತ್ರ ಬಹುತೇಕ ಕಡೆ ಕನಿಷ್ಠ ನಿರೀಕ್ಷೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವವುಗಳಲ್ಲಿ ಜೀವಂತ ಮಕ್ಕಳ ಮುಂದೆ ಪಾಠ ಮಾಡಿಸುವುದೇ ಇಲ್ಲ. ಕೇಂಬ್ರಿಜ್‌ನ ಸೆಲ್ಟಾದಲ್ಲಿ 6 ಗಂಟೆ ಪಾಠವನ್ನು ಪರೀಕ್ಷಕರೇ ಕೂತು ನೋಡುತ್ತಾರೆ, ಖರ್ಚೂ ಅಷ್ಟೇ ಜಾಸ್ತಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ, ಹೈದರಾಬಾದಿನ ಈಗಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ 1958ರಿಂದ ಇಂಗ್ಲಿಷ್ ಬೋಧನೆಯನ್ನೇ ಕಲಿಸುತ್ತ ಬಂದಿವೆ. ಸಮಯವಿರುವವರು ಅತ್ತ ಕಣ್ಣು ಹಾಯಿಸಲಿ. ಬಿ.ಎಡ್. ಇದ್ದರೆ ಖುರುಸಪಾದಲ್ಲಿ ತೂಕ ಬೇರೆಯೇ. ಇಲ್ಲದವರಿಗೆ ಸಾಮಾನ್ಯವಾಗಿ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡಿಸುತ್ತಾರೆ. ಬಿ.ಎಸ್ಸಿ., ಬಿ.ಎಡ್. ಆದವರು ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ‘ಇಂಗ್ಲಿಷ್ ಪ್ರೋಗ್ರಾಂ’ ಶಾಲೆಗಳನ್ನು ಮೊದಲು ಹುಡುಕಿ. ಅಲ್ಲಿ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಕ್ಕಿಂತ ನಿಮ್ಮ ವಿಷಯಕ್ಕೆ ಬೆಲೆ.

ಪಗಾರದ ವಿಷಯದಲ್ಲಿ ಮುಚ್ಚಿಡುವುದೇನಿಲ್ಲ: ಬ್ರಿಟಿಷ್, ಅಮೆರಿಕನ್ ಪಾಸ್‌ಪೋರ್ಟಿಗೆ 30 ಸಾವಿರ ಬಾತ್‌ಗೂ ಮೇಲೆ ಕೊಡುವ ಶಾಲೆ ಅದೇ ಕೆಲಸಕ್ಕೆ ನಮ್ಮವರಿಗೆ 20–25 ಸಾವಿರ ಹೇಳುವುದು ಮಾಮೂಲು. ಅನ್ಯಾಯವೇ ಹೌದು. ಬಾತ್ ಎಂದರೆ ಎರಡೂವರೆಯಿಂದ ಮೂರು ರೂಪಾಯಿ. ಒಪ್ಪಂದ 10 ತಿಂಗಳದೋ, 11ದೋ, 12ದೋ ಎಂದು ಮೊದಲು ನೋಡಿ. ಏಜೆನ್ಸಿ ಒಪ್ಪಂದಗಳು ಬಹಳಷ್ಟು 10 ತಿಂಗಳವು: ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ದೊಡ್ಡ ರಜೆಗೆ ಪಗಾರವೂ ಇಲ್ಲ, ಎಷ್ಟೋ ಸಲ ವೀಸಾವೂ ಇಲ್ಲ. ತಿಂಗಳಿಗೆ 2 ಸಾವಿರ ಕಮ್ಮಿ ಕೊಟ್ಟರೂ 12 ತಿಂಗಳ ಒಪ್ಪಂದವೇ ವಾಸಿ. ಸುತ್ತಾಡುವುದಕ್ಕೆಂದೇ ಹೋಗುವವರಿಗಂತೂ ಅದೇ ಬೇಕು.

ಮೊದಲ ಆರು ವಾರ ಇಬ್ಬರಿಗೆ ಎಷ್ಟು ಬೇಕು? ಸಣ್ಣ ಪಟ್ಟಣದಲ್ಲಿ 5,000 ಬಾತ್ ಬಾಡಿಗೆಯ ಕೋಣೆ ಎಂದುಕೊಳ್ಳೋಣ: ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಸೇರಿ 15,000. ಕೆಲಸದ ಪರವಾನಗಿಗೆ ವರ್ಷಕ್ಕೆ 3,000, ಅರ್ಜಿಗೆ 100, ಇಬ್ಬರಿಗೆ 6,200; ಕೆಲವು ಶಾಲೆಗಳು ತಾವೇ ಭರಿಸುತ್ತವೆ. ವೀಸಾ ವಿಸ್ತರಣೆ 1,900ರಂತೆ 3,800. ಊಟ ದಿನಕ್ಕೆ 400ರಂತೆ 45 ದಿನಕ್ಕೆ 18,000. ಹಾಸಿಗೆ, ಒಲೆ, ಬಕೆಟ್ಟು, ಪಾತ್ರೆಗೆ 6,000. ಒಟ್ಟು 49,000 ಬಾತ್. ಟಿಕೆಟ್ಟು, ದೃಢೀಕರಣ, ಸ್ಕೂಟರ್ ಇದರಲ್ಲಿ ಸೇರಿಲ್ಲ. ಮೇ ಮಧ್ಯದಲ್ಲಿ ಸೇರಿದವರ ಅರ್ಧ ತಿಂಗಳ ಪಗಾರವನ್ನು ಜೂನ್ ಕೊನೆಯ ಪಗಾರದ ಜತೆ ಸೇರಿಸಿ ಕೊಡುವ ಕಡೆಗಳೂ ಇವೆ, ಆದ್ದರಿಂದಲೇ ಆರು ವಾರದ ಲೆಕ್ಕ. ಕೋಣೆ ನೋಡುವಾಗ ಕರೆಂಟಿನ ಯೂನಿಟ್ ದರ ಕೇಳಿ. ಸರ್ಕಾರಿ ದರ 4 ಬಾತ್ ಆಸುಪಾಸಿನಲ್ಲಿದ್ದರೆ ಅಪಾರ್ಟ್‌ಮೆಂಟ್ ಮಾಲೀಕರು 7–8 ಹಾಕುತ್ತಾರೆ. ಏಪ್ರಿಲ್‌ನಲ್ಲಿ ಏಸಿ ಹಾಕಿದರೆ ಬಾಡಿಗೆಯಷ್ಟೇ ಬಿಲ್ಲೂ ಬಂದೀತು.

ತೆರಿಗೆಗೆ ಹೆದರಬೇಕಿಲ್ಲ. ತಿಂಗಳಿಗೆ 25,000ದಂತೆ ವರ್ಷಕ್ಕೆ 3,00,000 ಬಾತ್. ಖರ್ಚಿನ ಕಡಿತ 1,00,000, ವೈಯಕ್ತಿಕ ವಿನಾಯಿತಿ 60,000 ಕಳೆದರೆ 1,40,000. ಮೊದಲ 1,50,000ಕ್ಕೆ ತೆರಿಗೆ ಇಲ್ಲ. ಆದರೂ ಮಾರ್ಚ್ 31ರೊಳಗೆ ರಿಟರ್ನ್ ಸಲ್ಲಿಸಿ. ಶಾಲೆ ಪಗಾರದಲ್ಲಿ ಮುರಿದುಕೊಂಡಿದ್ದರೆ ಹಾಗೆಯೇ ವಾಪಸ್ ಬರುವುದು. ಹೆಂಡತಿಗೋ ಗಂಡನಿಗೋ ಆದಾಯವಿಲ್ಲದಿದ್ದರೆ ಇನ್ನೂ 60,000 ವಿನಾಯಿತಿ ಇದೆ. ಊರಿನ ಬ್ಯಾಂಕಿನ ಉಳಿತಾಯ ಖಾತೆಯನ್ನು ವಿದೇಶದಲ್ಲಿರುವವರಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವುದನ್ನೂ ಮರೆಯಬೇಡಿ.

ಒಂದು ಎಚ್ಚರಿಕೆ. ಥೈಲ್ಯಾಂಡಿನಲ್ಲಿ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್‌ನ ಮ್ಯಾವಡ್ಡಿಯ ವಂಚನೆ ಕೇಂದ್ರಗಳಿಗೆ ತಳ್ಳುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿದೆ. ನಾನ್-ಬಿ ಪತ್ರ ಕೊಡದೆ ಟಿಕೆಟ್ ಮೊದಲು ಕಳಿಸುವವರು, ಶಾಲೆಯ ಹೆಸರು ಹೇಳದವರು, ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಮ್ಯಾನ್ಮಾರ್ ಗಡಿಯ ಮೇ ಸೋಟ್ ಕಡೆಗೆ ಒಯ್ಯುತ್ತೇವೆ ಎನ್ನುವವರು ಮೇಷ್ಟ್ರ ಕೆಲಸ ಕೊಡುವವರಲ್ಲ. ಪದವಿಯ ಮೂಲಪ್ರತಿ ಯಾರ ಕೈಗೂ ಬಿಟ್ಟುಕೊಡಬೇಡಿ. ತೋರಿಸಿ, ವಾಪಸ್ ಇಟ್ಟುಕೊಳ್ಳಿ.

ತರಗತಿಯಲ್ಲಿ

ವಾರಕ್ಕೆ 18–22 ಪಾಠ, ಒಂದೊಂದು 50 ನಿಮಿಷ, ಸರ್ಕಾರಿ ಶಾಲೆಯಲ್ಲಿ 40–50 ಮಕ್ಕಳು. ಬೆಳಿಗ್ಗೆ 8ಕ್ಕೆ ಧ್ವಜವಂದನೆ, ಅದಕ್ಕೆ ಮುಂಚೆ ಸಹಿ. ಹೆಂಗಸರಿಗೆ ಮೊಣಕಾಲು ಮುಚ್ಚುವ ಲಂಗ, ಗಂಡಸರಿಗೆ ಇನ್‌ಶರ್ಟು. ಮಕ್ಕಳ ತಲೆ ಸವರುವುದು ನಮ್ಮಲ್ಲಿ ಅಕ್ಕರೆ. ಅಲ್ಲಿ ತಲೆ ಮುಟ್ಟಬಾರದು.

ಸಂದರ್ಶನದಲ್ಲಿ 20 ನಿಮಿಷದ ಮಾದರಿ ಪಾಠ ಕೇಳುತ್ತಾರೆ. ನಮ್ಮವರು ಎಡವುವುದು ಇಲ್ಲೇ. ವ್ಯಾಕರಣ ವಿವರಿಸುತ್ತ ಬೋರ್ಡಿಗೆ ತಿರುಗಿ ಐದು ನಿಮಿಷ ಬರೆದರೆ ಪಾಠ ಮುಗಿದಂತೆಯೇ ಸರಿ. ನಾಲ್ಕನೆಯ ತರಗತಿಗೆ ‘ಕ್ಯಾನ್–ಕಾಂಟ್’ ಕಲಿಸಬೇಕು ಎನ್ನಿ. ಮೊದಲ 2 ನಿಮಿಷ ಮಾತಿಲ್ಲದೆ ಈಜುವ, ಸೈಕಲ್ ತುಳಿಯುವ ಅಭಿನಯ. ಮುಂದಿನ 5 ನಿಮಿಷ ಆರು ಚಿತ್ರಕಾರ್ಡು, ಆರು ಕ್ರಿಯೆ, ಏಳನೆಯದು ಬೇಡ. 3 ನಿಮಿಷ ಸಾಲುಸಾಲಾಗಿ ಹೇಳಿಸುವುದು. 7 ನಿಮಿಷ ಜೋಡಿ ಕೆಲಸ: ನಾಲ್ಕು ಸಾಲಿನ ಕೋಷ್ಟಕ ಕೊಟ್ಟು ನಾಲ್ವರು ಗೆಳೆಯರನ್ನು ‘ಕ್ಯಾನ್ ಯು ಸ್ವಿಮ್?’ ಎಂದು ಕೇಳಿ ಗುರುತು ಹಾಕಿಸುವುದು. ಉಳಿದ 3 ನಿಮಿಷ ಇಬ್ಬರು ಎದ್ದು ಓದುವುದು. ನಿಮ್ಮ ಮಾತು ಒಟ್ಟು ಸಮಯದ ಮೂರರಲ್ಲೊಂದು ಪಾಲು ಮೀರದಿರಲಿ, ವಾಕ್ಯ ಏಳು ಪದ ದಾಟದಿರಲಿ.

ಉಚ್ಚಾರಣೆಯಲ್ಲಿ ಅವರ ಕಷ್ಟ ನಮ್ಮದಕ್ಕೆ ಉಲ್ಟಾ. ಥಾಯ್ ನುಡಿಯಲ್ಲಿ ಪದದ ಕೊನೆಗೆ ನಿಲ್ಲಬಲ್ಲ ವ್ಯಂಜನ ಕೆಲವೇ: ಕೊನೆಯ ಸ್ ಅವರ ಬಾಯಲ್ಲಿ ಬಿಡದ ತ್ ಆಗುತ್ತದೆ, ಲ್ ಹೋಗಿ ನ್ ಬರುತ್ತದೆ. ಬಸ್ ‘ಬತ್’ ಆಗಿ, ಸ್ಕೂಲ್ ‘ಸಕೂನ್’ ಆಗಿ ಕೇಳುವುದು ಇದರಿಂದ. ಅವರು ಕೊನೆಯನ್ನು ಕತ್ತರಿಸುತ್ತಾರೆ, ನಾವು ‘ಬಸ್ಸು’, ‘ಸ್ಕೂಲು’ ಎಂದು ಬಾಲ ಸೇರಿಸುತ್ತೇವೆ. ನೀವು ‘ಬಸ್ಸು’ ಎಂದರೆ ಅವರು ‘ಬಸ್ಸೂ’ ಎಂದು ಬರೆದುಕೊಳ್ಳುತ್ತಾರೆ. ಹೊರಡುವ ಮುಂಚೆ ಇಬ್ಬರೂ ಒಬ್ಬರನ್ನೊಬ್ಬರು ಎರಡು ನಿಮಿಷ ರೆಕಾರ್ಡ್ ಮಾಡಿ ನಾಲ್ಕು ಕಡೆ ಕಿವಿಗೊಡಿ: ಪದದ ಕೊನೆಯ ಉಕಾರ, ‘ಯೆಗ್’, ‘ವೋಪನ್’ ಎಂದು ಮೊದಲಿಗೆ ನುಸುಳುವ ಯಕಾರ, ವಕಾರ, ವೆಸ್ಟ್ ಎಂಬ ಎರಡು ಪದಗಳಲ್ಲಿ (vest, west) ತುಟಿಯ ವ್ಯತ್ಯಾಸ, ಝೂ ಹೋಗಿ ಜೂ ಆಗುವುದು. ಗಂಡ-ಹೆಂಡತಿ ಒಟ್ಟಿಗಿರುವ ಅನುಕೂಲವೆಂದರೆ ಇದೇ, ತಿದ್ದಲು ಇನ್ನೊಬ್ಬರು ಮನೆಯಲ್ಲೇ ಇರುತ್ತಾರೆ. ಜಗಳವಾಗದಂತೆ ತಿದ್ದಿಕೊಳ್ಳಿ ಅಷ್ಟೆ.

ಇನ್ನು ಊಟ. ಸಸ್ಯಾಹಾರಿಗಳು ‘ಜೇ’ ಎಂಬ ಮಾತು ಕಲಿತರೆ ಸಾಕು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ ಮಾಂಸ, ಮೀನಿನ ರಸ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಕಡೆ ಬರೀ ತರಕಾರಿ ಹುರಿದುಕೊಡಿ ಎಂದರೂ ಮೀನಿನ ರಸ ಬಿದ್ದೇ ಬೀಳುತ್ತದೆ. ಜೋಳದ ಹಿಟ್ಟು ಸಣ್ಣ ಪಟ್ಟಣದಲ್ಲಿ ಸಿಗುತ್ತದೆಂದು ನಂಬಬೇಡಿ. ಬ್ಯಾಂಕಾಕಿನ ಫಾಹುರತ್ ಪೇಟೆಯಲ್ಲಿ ಭಾರತೀಯ ದಿನಸಿ ಇದೆ. ಗುರೆಳ್ಳು ಪುಡಿ, ಶೇಂಗಾ ಪುಡಿ ಇಲ್ಲಿಂದಲೇ ಒಯ್ಯಿರಿ. ಕರೆಂಟು 220 ವೋಲ್ಟ್, ಮಿಕ್ಸಿ ನಡೆಯುತ್ತದೆ, ಮೂರು ಕಡ್ಡಿಯ ಪಿನ್ನಿಗೆ ಅಡಾಪ್ಟರ್ ಬೇಕು.

ತಿರುಗಾಟ

ಥೈಲ್ಯಾಂಡ್ ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು, ಅದು ಉಚಿತ. ದುಡ್ಡು ಕೇಳುವ ಜಾಲತಾಣ ನಕಲಿ. ಇಳಿದ ಮೇಲೆ ಮನೆ ಮಾಲೀಕರು 24 ಗಂಟೆಯೊಳಗೆ ಟಿಎಂ 30 (ವಿದೇಶಿಯರು ತಮ್ಮಲ್ಲಿ ಇಳಿದಿದ್ದಾರೆಂದು ಇಮಿಗ್ರೇಷನ್‌ಗೆ ತಿಳಿಸುವ ಅರ್ಜಿ) ಸಲ್ಲಿಸಬೇಕು. ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿ, ಇದಿಲ್ಲದೆ ವೀಸಾ ವಿಸ್ತರಣೆ ಆಗುವುದಿಲ್ಲ. ಆಮೇಲೆ 90 ದಿನಕ್ಕೊಮ್ಮೆ ವಿಳಾಸದ ವರದಿ: ದಿನಾಂಕಕ್ಕೆ 15 ದಿನ ಮುಂಚಿನಿಂದ 7 ದಿನ ನಂತರದವರೆಗೆ. ಇಬ್ಬರ ದಿನಾಂಕವೂ ಒಂದೇ ಇರುತ್ತದೆಂದು ತಿಳಿಯಬೇಡಿ. ಒಬ್ಬರು ನಡುವೆ ದೇಶ ಬಿಟ್ಟು ಬಂದರೆ ಅವರ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000.

ವರ್ಷದ ವಿಸ್ತರಣೆ ಸಿಕ್ಕ ಮೇಲೆ ಗಡಿ ದಾಟುವ ಮುಂಚೆ ರೀ-ಎಂಟ್ರಿ ಪರವಾನಗಿ ಬೇಕೇ ಬೇಕು. ಒಂದು ಸಲಕ್ಕೆ 1,000, ಎಷ್ಟು ಸಲವಾದರೂ ಸರಿ ಎಂದರೆ 3,800 ಬಾತ್. ಇಲ್ಲದೆ ಹೋದರೆ ಗಡಿಯಲ್ಲೇ ವಿಸ್ತರಣೆ ಸತ್ತಂತೆ. ಮತ್ತೆ ನಾನ್-ಬಿ, ಮತ್ತೆ ಪರವಾನಗಿ. ವರ್ಷದಲ್ಲಿ ಮೂರು ಸಲದವರೆಗೆ ಹೊರಹೋಗುವವರಿಗೆ ಬಿಡಿ ಪರವಾನಗಿಯೇ ಅಗ್ಗ. ಇಬ್ಬರಿಗೂ ಬೇರೆ ಬೇರೆ.

ರಜೆ ಎರಡು: ಅಕ್ಟೋಬರ್‌ನಲ್ಲಿ ಎರಡು ಮೂರು ವಾರ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ದೊಡ್ಡದು. ಮಾರ್ಚ್‌ನಲ್ಲಿ ಚಿಯಾಂಗ್ ಮಾಯ್‌ಗೆ ಹೋಗಬೇಡಿ, ಗದ್ದೆ ಮತ್ತು ಕಾಡು ಸುಡುವ ಹೊಗೆಯಲ್ಲಿ ಗುಡ್ಡಗಳೇ ಕಾಣುವುದಿಲ್ಲ. ಆಗ ಥೈಲ್ಯಾಂಡಿನದೇ ಅಂಡಮಾನ್ ಕರಾವಳಿಯ ಕ್ರಾಬಿ ಕಡೆ ಚೆನ್ನ. ಅಲ್ಲಿ ಮೇ ತಿಂಗಳಿಂದ ಮಳೆ. ಅಕ್ಟೋಬರ್‌ನಲ್ಲಿ ಈಶಾನ್ಯದ ಇಸಾನ್ ನೋಡಿ: ಬ್ಯಾಂಕಾಕಿನ ಕ್ರುಂಗ್ ಥೆಪ್ ಅಪಿವತ್ ನಿಲ್ದಾಣದಿಂದ ರಾತ್ರಿ ರೈಲಿನಲ್ಲಿ ನೋಂಗ್ ಖಾಯ್, ಅಲ್ಲಿಂದ 1994ರಲ್ಲಿ ಕಟ್ಟಿದ ಮೈತ್ರಿ ಸೇತುವೆ ದಾಟಿದರೆ ಲಾವೋಸ್. ಥಾಯ್ ಹೊಸವರ್ಷವಾದ ಸೊಂಗ್‌ಕ್ರಾನ್‌ನ ಏಪ್ರಿಲ್ 13ರಿಂದ 15ರ ಆಚೀಚೆ ಸ್ಲೀಪರ್ ಸಿಗುವುದಿಲ್ಲ, ನಮ್ಮ ದೀಪಾವಳಿಯ ಬಸ್ಸಿನಂತೆ. ಕಾಂಬೋಡಿಯಾ ಕಡೆಯ ಭೂಗಡಿ 2025ರ ಸಂಘರ್ಷದಲ್ಲಿ ಮುಚ್ಚಿತ್ತು. ಹೊರಡುವ ಮುನ್ನ ಪರಿಸ್ಥಿತಿ ತಿಳಿದುಕೊಳ್ಳಿ.

ಸ್ಕೂಟರ್ ಓಡಿಸುವ ವಿಚಾರವಿದ್ದರೆ ನಿಮ್ಮ ಆರ್‌ಟಿಒದಲ್ಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ: ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದರಲ್ಲಿ ದ್ವಿಚಕ್ರದ ಚೌಕಕ್ಕೆ ಮುದ್ರೆ ಬಿದ್ದಿದೆಯೇ ನೋಡಿಕೊಂಡೇ ಕೌಂಟರ್ ಬಿಡಿ. ಬರೀ ಕಾರಿನದಿದ್ದರೆ ಅಪಘಾತವಾದಾಗ ವಿಮೆ ಕಂಪನಿ ಕೈಚೆಲ್ಲುತ್ತದೆ. ಇಬ್ಬರೂ ಓಡಿಸುವುದಾದರೆ ಇಬ್ಬರೂ ಮಾಡಿಸಬೇಕು. ನಮ್ಮದು ರಸ್ತೆ ಸಂಚಾರದ ಬಗೆಗಿನ 1949ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪುಸ್ತಿಕೆ. ಥೈಲ್ಯಾಂಡ್ ಒಪ್ಪುತ್ತದೆ, 1968ರದನ್ನಷ್ಟೇ ಮಾನ್ಯ ಮಾಡುವ ವಿಯೆಟ್ನಾಂ ಒಪ್ಪುವುದಿಲ್ಲ.

ಒಪ್ಪಂದ ಮುಗಿಸಿ ಬೇರೆ ಶಾಲೆಗೋ ಬೇರೆ ದೇಶಕ್ಕೋ ಹೋಗುವಾಗ ಹಳೆಯ ಶಾಲೆಯಿಂದ ಮೂರು ಕಾಗದ ಇಸಕೊಳ್ಳಿ: ಕೆಲಸ ಬಿಟ್ಟ ದಿನಾಂಕದ ಪತ್ರ, ಅನುಭವ ಪತ್ರ, ತೆರಿಗೆ ಮುರಿದ ಪತ್ರ. ಹೊಸ ಶಾಲೆಯ ಕಡತ ಸಿದ್ಧವಾಗುವವರೆಗೆ ಕೊನೆಯ ದಿನಾಂಕ ಬರೆಸಬೇಡಿ. ಇಬ್ಬರೂ ಒಂದೇ ದಿನ ಬಿಡುವುದನ್ನೂ ತಪ್ಪಿಸಿ, ಒಬ್ಬರದು ಒಂದು ತಿಂಗಳು ಹಿಂದೆ ಮುಂದೆ ಇರಲಿ. ಬ್ಯಾಂಕಾಕಿನಲ್ಲಿ ಥಾಯ್ ಪೊಲೀಸ್ ಕ್ಲಿಯರೆನ್ಸನ್ನೂ ಅಲ್ಲಿರುವಾಗಲೇ ಮಾಡಿಸಿಕೊಂಡುಬಿಡಿ. ಮುಂದೆ ಯಾವ ದೇಶದ ಶಾಲೆಗೆ ಅರ್ಜಿ ಹಾಕಿದರೂ ಹಿಂದೆ ಇದ್ದ ದೇಶದ್ದನ್ನು ಕೇಳುತ್ತಾರೆ, ಊರಿಗೆ ಮರಳಿದ ಮೇಲೆ ಅದನ್ನು ತರಿಸುವುದು ಬಹಳ ನಿಧಾನ.